ಬಂಡೆ ತುಳಿದ ಚೈನು

"ಈಗ ಮಾತು ಬೇಡ. ಉಸಿರು ಕೂಡ ಮೆಲ್ಲಗೆ ಬಿಡು."

ಇಷ್ಟು ಹೇಳಿ ಉರ್ಪೋ ಬರ್ಚ್ ಮರದ ಕೋಲೊಂದರ ತುದಿಯನ್ನು ಹಲ್ಲುಗಳ ನಡುವೆ ಕಚ್ಚಿಕೊಂಡ. ಇನ್ನೊಂದು ತುದಿಯನ್ನು ಉಕ್ಕಿನ ಪ್ಲೇಟಿಗೆ ಒತ್ತಿ ಹಿಡಿದ. ಬಲಗೈಯ ಸುತ್ತಿಗೆಯಿಂದ ಪ್ಲೇಟಿನ ಮೂಲೆಗೆ ಒಂದು ಸಣ್ಣ ಏಟು ಹಾಕಿದ.

ಠಣ್.

ಸದ್ದು ಶೆಡ್ಡಿನ ತಗಡಿನ ಗೋಡೆ ಮುಟ್ಟಿ ವಾಪಸು ಬಂತು. ಉರ್ಪೋ ಕಣ್ಣು ಮುಚ್ಚಿಕೊಂಡೇ ಇದ್ದ. ಅರವತ್ತೊಂಬತ್ತು ವರ್ಷದ ಈ ಮುದುಕನಿಗೆ ಎರಡೂ ಕಿವಿ ಮಂದ. ಎದುರಿಗೆ ನಿಂತು ಕೂಗಿ ಹೇಳಿದರೆ ಅರ್ಧ ಕೇಳುತ್ತದೆ, ಉಳಿದರ್ಧವನ್ನು ತುಟಿ ನೋಡಿ ಊಹಿಸಿಕೊಳ್ಳುತ್ತಾನೆ. ಐವತ್ತು ವರ್ಷ ಕಬ್ಬಿಣ ಬಡಿದು ಬಡಿದು ಕಿವಿ ಕಳೆದುಕೊಂಡವನು ಈಗ ಕಬ್ಬಿಣದ ಮಾತನ್ನು ಹಲ್ಲಿನಿಂದ ಕೇಳಿಸಿಕೊಳ್ಳುತ್ತಿದ್ದ.

ಕಾನ್‌ಸ್ಟೇಬಲ್ ಇರ್ಯಾ ತೋಲ್ವನೆನ್ ಕೈಗವಸು ಕಳಚುವುದನ್ನೂ ಮರೆತು ನಿಂತಿದ್ದಳು. ಅವಳೆದುರು ಕ್ರೇನಿನ ಕೊಕ್ಕೆಯಿಂದ ಇಳಿಬಿಟ್ಟ ಚೈನು ತೂಗುತ್ತಿತ್ತು. ಕಾಡಿನಿಂದ ದಿಮ್ಮಿ ಹೊತ್ತು ತರುವ ಯಂತ್ರದ ಹಿಂದಿನ ಚಕ್ರಗಳಿಗೆ ತೊಡಿಸುವ ಉಕ್ಕಿನ ಚೈನು. ಒಂದೊಂದು ಪ್ಲೇಟೂ ಎರಡು ಗೇಣು ಅಗಲ. ಒಟ್ಟು ಎಂಟುನೂರು ಕಿಲೋ ತೂಕ. ಅಷ್ಟು ದೊಡ್ಡದು, ಒಬ್ಬ ಮುದುಕನ ಹಲ್ಲಿನ ಮುಂದೆ ಅಲುಗಾಡದೆ ನಿಂತು ಸಾಕ್ಷಿ ಹೇಳುತ್ತಿತ್ತು.

ಠಣ್. ಠಣ್. ಠಣ್.

ಹದಿನೇಳನೆಯ ಪ್ಲೇಟಿಗೆ ಬಂದಾಗ ಸದ್ದು ಬೇರೆಯಾಯಿತು. ಒಡೆದ ಮಡಕೆಗೆ ಬೆರಳು ಬಡಿದಂತೆ ಒಂದು ಮಂಕು ಶಬ್ದ. ಉರ್ಪೋ ಕಣ್ಣು ತೆರೆದ.

"ಇದೇ," ಎಂದ ಕೋಲು ತೆಗೆದು. "ಇಲ್ಲಿ ಬಿರುಕು ಬಿಟ್ಟಿದೆ."

"ಚಳಿಗೆ ಬಿಟ್ಟಿರಬಹುದಲ್ವಾ ಮಾಮ?" ಇರ್ಯಾ ಅವನ ಮುಖದ ಹತ್ತಿರ ಬಾಗಿ ಜೋರಾಗಿ ಕೇಳಿದಳು.

"ನಾನು ಬೆಸೆದಿದ್ದು ಚಳಿಗೆ ಬಿಡುತ್ತಾ?" ಉರ್ಪೋ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಪೊಲೀಸ್ ಟೋಪಿ ಹಾಕ್ಕೊಂಡ್ ಬಂದಿದೀಯ ಅಂತ ಸುಮ್ಮನಿದೀನಿ. ಬೇರೆ ಯಾರಾದ್ರೂ ಈ ಮಾತು ಅಂದಿದ್ರೆ ಬಾಗಿಲು ತೋರಿಸ್ತಿದ್ದೆ."

ಇರ್ಯಾಳಿಗೆ ನಗು ಬರಲಿಲ್ಲ. ಗುರುವಾರ ಸಂಜೆ ಕಾಕ್ಕುರಿ ಸರೋವರದ ದಡದಲ್ಲಿ ಈ ಯಂತ್ರ ಬಾಗಿಲು ತೆರೆದುಕೊಂಡು ನಿಂತಿತ್ತು. ಅದರ ಡ್ರೈವರ್ ಪೆಂತ್ತಿ ಇರಲಿಲ್ಲ. ಮೂವತ್ತು ಹೆಜ್ಜೆ ಮುಂದೆ, ಹರಿವಿನಿಂದ ಮಂಜುಗಡ್ಡೆ ತೆಳ್ಳಗಾಗಿದ್ದ ಕಡೆ, ಒಂದು ಕಪ್ಪು ತೂತು ಬಾಯಿ ಬಿಟ್ಟಿತ್ತು. ಮರ ಕಡಿಯುವ ಜಾಗದಿಂದ ಜೌಗಿನ ಹಿಮದ ಮೇಲೆ ಒಂದೇ ಒಂದು ಚೈನಿನ ಜಾಡು ನೇರ ಅಲ್ಲಿಗೆ ಬಂದಿತ್ತು. ಆ ಜಾಡು ಓದಿದವಳು ಇರ್ಯಾ. ಕಾಯಾನಿ ಪಟ್ಟಣದಿಂದ ಮುಳುಗುಗಾರರನ್ನು ಕರೆಸಿದವಳೂ ಅವಳೇ.

ಇವತ್ತು ಭಾನುವಾರ. ಮೂರು ದಿನದಿಂದ ಅವರು ಸರದಿಯಲ್ಲಿ ನೀರಿಗಿಳಿಯುತ್ತಿದ್ದರು. ಸಿಕ್ಕಿದ್ದು ಒಂದು ಹಳೆಯ ಬಲೆ ಮಾತ್ರ.

ಹೊರಗೆ ಮೈನಸ್ ಇಪ್ಪತ್ತಾರು. ಪೆಂತ್ತಿ ನೀರಿನಲ್ಲಿದ್ದರೆ ಅವನಿಗಾಗಿ ಅವಸರ ಮಾಡಬೇಕಾದ ಅಗತ್ಯವೇ ಇಲ್ಲ. ನೀರಿನಲ್ಲಿ ಇಲ್ಲದಿದ್ದರೆ, ಎಲ್ಲೋ ಒಂದು ಸೂರಿನ ಕೆಳಗೆ ಇನ್ನೂ ಉಸಿರಾಡುತ್ತಿದ್ದರೆ, ಕಳೆದ ಮೂರು ದಿನ ಅವನಿಂದ ಕಿತ್ತುಕೊಂಡವಳು ಇರ್ಯಾ.

"ಮಾಮ, ಬೆಳಿಗ್ಗೆ ಫೋನ್ ಮಾಡಿ ಓಡಿ ಬಾ ಅಂದ್ರಲ್ಲ. ಬಿಟ್ಟಿರೋ ಪ್ಲೇಟು ತೋರಿಸೋಕಾ?"

"ಅಲ್ಲ. ನನ್ನ ತಪ್ಪು ಹೇಳ್ಕೊಳ್ಳೋಕೆ."

ಉರ್ಪೋ ಶೆಡ್ಡಿನ ಮೂಲೆಯ ಕಡೆ ಕೈ ತೋರಿದ. ಅಲ್ಲಿ ಉದ್ದನೆಯ ಮರದ ಪೆಟ್ಟಿಗೆಯ ತುಂಬ ಬೂದಿ. ಊರಿನ ಎಲ್ಲ ಸೌನಾಗಳ, ಅಂದರೆ ಹಬೆಸ್ನಾನದ ಮನೆಗಳ, ಒಲೆಯ ಬೂದಿ ವರ್ಷವಿಡೀ ಇಲ್ಲಿಗೆ ಬಂದು ಬೀಳುತ್ತದೆ. ಬಿಸಿ ಉಕ್ಕನ್ನು ಅದರಲ್ಲಿ ಹೂತಿಟ್ಟರೆ ನಿಧಾನವಾಗಿ ತಣಿಯುತ್ತದೆ, ಸೀಳುವುದಿಲ್ಲ.

"ಎಡಗಡೆ ಚೈನು ಅದರಲ್ಲಿ ಮಲಗಿದೆ. ಕೌಕೋ ನಿನ್ನೆ ಎರಡನ್ನೂ ತಂದು ಹಾಕಿ, ಎಲ್ಲದರ ಮೇಲೂ ಹೊಸದಾಗಿ ಒಂದು ವರಸೆ ಬೆಸುಗೆ ಹಾಕು ಅಂದ. ಕೆಲಸ ಅಂದ್ರೆ ಕೆಲಸ, ನಾನು ಶುರು ಹಚ್ಕೊಂಡೆ. ಎಡಗಡೇದು ಪೂರ್ತಿ ಮುಗೀತು. ಬೆಳಿಗ್ಗೆ ಬಲಗಡೇದನ್ನ ಮೇಲಕ್ಕೆತ್ತಿದೆ. ಆ ಹೊತ್ತಿಗೆ ಬಾಗಿಲಿಂದ ಬಿಸಿಲು ಬಿತ್ತು ನೋಡು, ನನ್ನ ಕೈ ಹಾಗೇ ನಿಂತ್ಹೋಯ್ತು."

ಕೌಕೋ ಮುಸ್ತೋನೆನ್ ಯಂತ್ರದ ಮಾಲೀಕ, ಪೆಂತ್ತಿಯ ಧಣಿ. ಪೊಲೀಸರು ಶನಿವಾರ ಯಂತ್ರ ಬಿಟ್ಟುಕೊಟ್ಟ ಎರಡೇ ಗಂಟೆಯಲ್ಲಿ ಚೈನು ಕಳಚಿ ಇಲ್ಲಿಗೆ ತಂದಿದ್ದ. ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿದ್ದು ಕೂಡ ಇರ್ಯಾಳೇ.

"ಬಿಸಿಲಲ್ಲಿ ಏನು ಕಾಣಿಸ್ತು?"

"ಬಾಯಲ್ಲಿ ಹೇಳಿದ್ರೆ ತಿಳಿಯಲ್ಲ. ಆ ಮುಖವಾಡ ಹಾಕ್ಕೋ."

ಉರ್ಪೋ ಒಂದು ಹಳೆಯ ಪ್ಲೇಟನ್ನು ಮೇಜಿನ ಮೇಲಿಟ್ಟು ಗ್ಯಾಸ್ ಟಾರ್ಚು ಹಚ್ಚಿದ. ನೀಲಿ ಜ್ವಾಲೆ ಉಕ್ಕಿನ ಮೇಲೆ ಹರಿದಾಡಿತು. ಅವಸರವಿಲ್ಲ. ಆ ಮೂಲೆ, ಈ ಮೂಲೆ, ಮತ್ತೆ ನಡು. ಇಷ್ಟು ಚಳಿಯಲ್ಲಿ ಕಾಯಿಸದೆ ಬೆಸೆದರೆ ಬೆಸುಗೆ ನಿಲ್ಲುತ್ತದೆ, ಪಕ್ಕದ ಉಕ್ಕು ಬಿಟ್ಟುಕೊಳ್ಳುತ್ತದೆ. ಕೊನೆಗೆ ಪ್ಲೇಟಿನ ಮೇಲೆ ಉಗುಳಿದ. ಉಗುಳು ಮಣಿಯಾಗಿ ಉರುಳಿ ಆಚೆ ಹಾರಿತು. ಅವನು ತೃಪ್ತಿಯಿಂದ ತಲೆಯಾಡಿಸಿ ವೆಲ್ಡಿಂಗ್ ರಾಡು ಕೈಗೆತ್ತಿಕೊಂಡ.

ಬೆಳಕು ಹುಟ್ಟಿತು.

ಇರ್ಯಾ ಹುಟ್ಟಿದಾಗಿನಿಂದ ಈ ಬೆಳಕು ನೋಡಿದವಳು. ಅಪ್ಪನಿಗೆ ಮೂರು ಯಂತ್ರಗಳಿದ್ದವು. ಶಾಲೆ ಬಿಟ್ಟ ಮೇಲೆ ಅವಳು ಬರುತ್ತಿದ್ದದ್ದೇ ಈ ಶೆಡ್ಡಿಗೆ. ಆದರೂ ಇವತ್ತು ಕಪ್ಪು ಗಾಜಿನ ಹಿಂದೆ ಅವಳು ಕಣ್ಣು ಮಿಟುಕಿಸದೆ ನೋಡಿದಳು. ಒಂದು ಚಿಕ್ಕ ಹಸಿರು ಸೂರ್ಯ ಉಕ್ಕಿನ ಅಂಚಿನ ಮೇಲೆ ನಿಧಾನವಾಗಿ ನಡೆಯುತ್ತಿದ್ದ. ಅವನ ಹಿಂದೆ ಕರಗಿದ ಉಕ್ಕು ಅಲೆಯಲೆಯಾಗಿ ಮಡಿಚಿಕೊಂಡು ಗಟ್ಟಿಯಾಗುತ್ತಿತ್ತು. ಸವೆದು ಮೊಂಡಾದ ಹಲ್ಲು ಅವಳ ಕಣ್ಣೆದುರೇ ಬೆಳೆಯುತ್ತಿತ್ತು. ಕಾಡಿನಲ್ಲಿ ಹದಿನೆಂಟು ಟನ್ ಹೊರುವ ಯಂತ್ರದ ಕಾಲು, ಈ ನಡುಗದ ಕೈಯಲ್ಲಿ ಮತ್ತೆ ಹುಟ್ಟುತ್ತಿತ್ತು. ದೇವಸ್ಥಾನದಲ್ಲಿ ನಿಂತಂತೆ ಅವಳು ಕೈಕಟ್ಟಿ ನಿಂತಳು.

ಬೆಳಕು ಆರಿತು. ಉರ್ಪೋ ಮೇಲಿನ ಸಿಪ್ಪೆಯನ್ನು ಸುತ್ತಿಗೆಯಿಂದ ತಟ್ಟಿ ಉದುರಿಸಿದ.

"ಈಗ ನೋಡ್ತಾ ಇರು."

ಹೊಸ ಬೆಸುಗೆ ತಣಿಯುತ್ತಾ ಬಂದಂತೆ ಅದರ ಸುತ್ತ ಬಣ್ಣ ಮೂಡಿತು. ಮೊದಲು ಹುಲ್ಲಿನ ಹಳದಿ. ಆಮೇಲೆ ನೇರಳೆ. ಕೊನೆಗೆ ಗಾಢ ನೀಲಿ. ಅಲೆಗಳ ನೆತ್ತಿಯ ಮೇಲೂ ಅದೇ ನೀಲಿ, ತೆಳ್ಳಗೆ ಸವರಿದಂತೆ.

"ಬುಧವಾರ ನಾನು ಬೆಸೆದು ಪೆಂತ್ತಿಗೆ ಕೊಟ್ಟಾಗ ಈ ಎರಡು ಚೈನಲ್ಲೂ ಪ್ರತಿಯೊಂದು ಹಲ್ಲೂ ಹೀಗೇ ಇತ್ತು," ಎಂದ ಉರ್ಪೋ. "ಹಿಮದ ಮೇಲೆ ನಾಲ್ಕು ದಿನ ಓಡಿಸು, ಈ ಬಣ್ಣ ಹೋಗಲ್ಲ. ಜೌಗಲ್ಲಿ ವಾರ ಓಡಿಸು, ಮಾಸುತ್ತೆ, ಹೋಗಲ್ಲ. ಈಗ ಅದನ್ನ ನೋಡು."

ಇರ್ಯಾ ತೂಗುತ್ತಿದ್ದ ಚೈನಿನ ಬಳಿ ಹೋದಳು. ಬಾಗಿಲಿನಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಬೆಸುಗೆಯ ಅಲೆಗಳ ನೆತ್ತಿ ಬೆಳ್ಳಿಯಂತೆ ಹೊಳೆಯಿತು. ನೀಲಿ ಇದ್ದದ್ದು ಅಲೆಗಳ ನಡುವಿನ ತಗ್ಗಿನಲ್ಲಿ ಮಾತ್ರ. ಅವಳು ಕೈಗವಸು ಕಿತ್ತು ಬೆರಳಿಟ್ಟಳು. ಅರೆದಿಟ್ಟಷ್ಟು ನುಣುಪು. ಬೆರಳಿಗೆ ಸಣ್ಣ ಪುಡಿ ಅಂಟಿತು.

"ಕಲ್ಲು," ಎಂದಳು. ಅದು ಬರೀ ಪಿಸುಮಾತಾಗಿತ್ತು.

ಆದರೆ ಉರ್ಪೋ ಅವಳ ತುಟಿ ಓದಿದ. "ಕಲ್ಲೇ. ಅದೂ ಸಮತಟ್ಟಿನ ಕಲ್ಲಲ್ಲ. ಹಿಂದಿನ ಅಂಚು ಜಾಸ್ತಿ ಹೊಳೀತಿದೆ ನೋಡು. ಹತ್ತುವಾಗ ಕಚ್ಚೋದು ಆ ಅಂಚು. ಈ ಚೈನು ಬಂಡೆ ಹತ್ತಿದೆ ಮಗಳೇ. ಒಂದ್ ಹೆಜ್ಜೆ, ಎರಡ್ ಹೆಜ್ಜೆ ಅಲ್ಲ. ಕಮ್ಮಿ ಅಂದ್ರೂ ಒಂದು ಗಂಟೆ."

ಈ ಸೀಮೆಯಲ್ಲಿ ಹುಟ್ಟಿದವರಿಗೆ ಈ ಮಾತು ಎಂಥದೆಂದು ಗೊತ್ತು. ಉಕ್ಕಿನ ಚೈನು ತೊಟ್ಟ ಯಂತ್ರವನ್ನು ಇಲ್ಲಿ ಯಾರೂ ಬರಿ ಬಂಡೆಯ ಮೇಲೆ ಹತ್ತಿಸುವುದಿಲ್ಲ. ಹತ್ತು ಕಿಲೋಮೀಟರ್ ಸುತ್ತಿ ಬರುತ್ತಾರೆ, ಕತ್ತಲಾದರೂ ಸರಿ. ಹನ್ನೆರಡು ವರ್ಷದ ಇರ್ಯಾ ಒಮ್ಮೆ ಅಪ್ಪನ ಯಂತ್ರವನ್ನು ಹತ್ತು ಹೆಜ್ಜೆ ಬಂಡೆಯ ಮೇಲೆ ಓಡಿಸಿದ್ದಳು. ಅಪ್ಪ ಬೈಯಲಿಲ್ಲ. ಅವಳ ಕೈಗೆ ಒಂದು ಅರ ಕೊಟ್ಟ. ಆ ಭಾನುವಾರ ಪೂರ್ತಿ ಕೂತು ಅವಳು ಜಜ್ಜಿದ ಹಲ್ಲುಗಳ ಅಂಚು ಉಜ್ಜಿದಳು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಆ ಪಾಠ ಇಪ್ಪತ್ತೊಂಬತ್ತು ವರ್ಷ ಅವಳನ್ನು ಬಿಟ್ಟಿರಲಿಲ್ಲ.

ಬಿಟ್ಟಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಬೆಳಿಗ್ಗೆ ಮುಳುಗುಗಾರರ ಮುಖ್ಯಸ್ಥೆ, ಊರಿಗೆ ಹೊಸಬಳು, ಕೈ ಮಾಡಿ ಕೇಳಿದ್ದಳು: "ಆ ಗುಡ್ಡದ ಕಡೆ ನೋಡೋದು ಬೇಡ್ವಾ?" ಇರ್ಯಾ ನಕ್ಕುಬಿಟ್ಟಿದ್ದಳು. "ಅಲ್ಲಿಗೆ ಚೈನು ಹತ್ತಿಸೋ ಗಂಡಸು ಈ ಕಡೆ ಹುಟ್ಟಿಲ್ಲ," ಎಂದಿದ್ದಳು. ಏನೂ ತಿಳಿಯದವಳು ಸರಿಯಾದ ಪ್ರಶ್ನೆ ಕೇಳಿದ್ದಳು. ಎಲ್ಲ ತಿಳಿದವಳು ಜಾಡು ಓದಿ, ಮೂರು ಜನರನ್ನು ಕಪ್ಪು ನೀರಿಗೆ ಇಳಿಸಿದ್ದಳು.

"ಪೆಂತ್ತಿ ಎಂಥವನು ಗೊತ್ತಲ್ಲ," ಎಂದ ಉರ್ಪೋ, ಚೈನನ್ನು ಅಂಗೈಯಿಂದ ಸವರುತ್ತಾ. "ಹಬ್ಬದ ದಿನವೂ ಬಂದು ಕೊಂಡಿಗೆ ಎಣ್ಣೆ ಬಿಡೋನು. ಹೊಸಾ ಬೆಸುಗೆ ಹಾಕಿಸ್ಕೊಂಡ ಮಾರನೇ ದಿನ ಇವನ್ನ ಬಂಡೆ ಮೇಲೆ ಓಡಿಸಬೇಕಾದ್ರೆ ಅವನ ಜೀವಕ್ಕೇ ಬಂದಿರಬೇಕು. ಇನ್ನೊಂದು ಮಾತು. ಬುಧವಾರ ಇವನ್ನ ಗಾಡಿಗೆ ಹಾಕ್ಕೊಂಡು ಹೊರಡೋವಾಗ ನನ್ನ ಕೈ ಹಿಡ್ಕೊಂಡು, ಕ್ಷಮಿಸಿ ಮಾಮ ಅಂದ. ಯಾಕೋ ಅಂದೆ. ಸುಮ್ಮನೆ ಅಂದ. ನನ್ನ ಕಿವಿ ಮೇಲೆ ನನಗೇ ಅನುಮಾನ ಬಂತು."

ಇರ್ಯಾ ಅವನನ್ನೇ ನೋಡಿದಳು. ಬುಧವಾರ ಕ್ಷಮೆ ಕೇಳಿದ್ದ. ಬಂಡೆ ಹತ್ತಿದ್ದು ಗುರುವಾರ. ಅಂದರೆ ಒಂದು ದಿನ ಮೊದಲೇ ಪೆಂತ್ತಿಗೆ ತಾನು ಏನು ಮಾಡಲಿದ್ದೇನೆಂದು ತಿಳಿದಿತ್ತು.

ಅದೇ ಬುಧವಾರ ಸಂಜೆ ಪೆಂತ್ತಿ ಠಾಣೆಗೂ ಫೋನ್ ಮಾಡಿದ್ದ. "ಶುಕ್ರವಾರ ಒಂಬತ್ತಕ್ಕೆ ಬರ್ತೀನಿ. ಕೌಕೋ ವಿಷಯ. ಫೋನಲ್ಲಿ ಬೇಡ." ಆ ಶುಕ್ರವಾರ ಒಂಬತ್ತಕ್ಕೆ ಇರ್ಯಾ ಸರೋವರದ ತೂತಿನ ಪಕ್ಕ ನಿಂತಿದ್ದಳು.

"ಮಾಮ, ಆ ಬಿಟ್ಟಿರೋ ಪ್ಲೇಟು. ಒಳಗೆ ಏನಾದ್ರೂ ಸಿಕ್ಕಿರಬಹುದಾ?"

ಉರ್ಪೋ ಉಳಿ ತಂದ. ಹದಿನೇಳನೆಯ ಪ್ಲೇಟಿನ ಬುಡದಲ್ಲಿ, ಕೂದಲೆಳೆಯಷ್ಟು ಸೀಳಿದ ಗೆರೆ ಕೊಂಡಿಯ ಕಡೆಗೆ ಅಗಲವಾಗುವ ಕಡೆ, ಉಳಿ ಇಟ್ಟು ಮೆಲ್ಲಗೆ ಏಟು ಹಾಕಿದ. ಎರಡನೆಯ ಏಟಿಗೆ ಏನೋ ಕಿತ್ತು ಸಿಮೆಂಟಿನ ನೆಲದ ಮೇಲೆ ಟಕ್ಕೆಂದು ಬಿತ್ತು.

ಇರ್ಯಾ ಮೊಣಕಾಲೂರಿ ಎತ್ತಿಕೊಂಡಳು. ಹೆಬ್ಬೆರಳಿನ ಉಗುರಿನಷ್ಟು ಕಲ್ಲಿನ ಚೂರು. ಬಿಸಿಲಿಗೆ ಹಿಡಿದಳು.

ಕಲ್ಲು ಗುಲಾಬಿ ಬಣ್ಣದ್ದು.

ಈ ಸುತ್ತಿನ ಕಲ್ಲೆಲ್ಲ ಬೂದು. ಸರೋವರದ ದಡ ಬೂದು, ಚರ್ಚಿನ ಮೆಟ್ಟಿಲು ಬೂದು, ಸಮಾಧಿಗಳೂ ಬೂದು. ಗುಲಾಬಿ ಕಲ್ಲಿರುವುದು ಒಂದೇ ಕಡೆ. ಗಾಳಿ ಹಿಮವನ್ನು ನಿಲ್ಲಗೊಡದ ಆ ಬೋಳು ಗುಡ್ಡದ ನೆತ್ತಿಯಲ್ಲಿ. ಪುನವಾರಾ. ಅಲ್ಲಿ ಜಾಡು ಬೀಳುವುದಿಲ್ಲ, ಬಿದ್ದರೂ ನಿಲ್ಲುವುದಿಲ್ಲ. ಮತ್ತು ಅಲ್ಲಿ, ಆಚೆ ಇಳಿಜಾರಿನಲ್ಲಿ, ಒಲೆಯಿರುವ ಒಂದೇ ಒಂದು ಗುಡಿಸಲಿದೆ. ಅವಳ ಅಪ್ಪ ವಿಲ್ಯೋನ ಹಳೆಯ ಬೇಟೆ ಗುಡಿಸಲು. ಕೀಲಿ ಎಲ್ಲಿ ತೂಗುಹಾಕಿದೆ ಎನ್ನುವುದು ಊರಿಗೆಲ್ಲ ಗೊತ್ತು.

ಒಲೆ. ಸೂರು. ಮೂರು ದಿನ.

ನಾಲ್ಕು ಬೆರಳಿನಷ್ಟು ಉಕ್ಕು, ಒಂದು ಚೂರು ಕಲ್ಲು, ಅದರ ಹಿಂದೆ ಒಬ್ಬ ಮನುಷ್ಯನ ಜೀವ. ಕಬ್ಬಿಣ ಇಷ್ಟನ್ನೆಲ್ಲ ನೆನಪಿಟ್ಟುಕೊಂಡಿತ್ತು, ಕೇಳುವವರಿಗಾಗಿ ಕಾದಿತ್ತು. ಅವಳ ಕಣ್ಣು ಒದ್ದೆಯಾಯಿತು. ಅದನ್ನು ಮುಚ್ಚಿಡಲು ಅವಳು ಪ್ರಯತ್ನಿಸಲಿಲ್ಲ.

"ಏನು? ಏನಂತೆ?" ಉರ್ಪೋ ಬಾಗಿ ಕೇಳಿದ. ಅವಳು ಈಗ ಅವನ ಕಡೆ ತಿರುಗಿ ಬಿಸಿಲಿಗೆ ಬೆನ್ನು ಹಾಕಿದ್ದಳು, ನೆರಳಿನಲ್ಲಿ ತುಟಿ ಕಾಣುತ್ತಿರಲಿಲ್ಲ.

ಇರ್ಯಾ ಗಂಟಲೆತ್ತಿ ಕೂಗಿ ಹೇಳಿದಳು. ಶೆಡ್ಡಿನ ತಗಡು ಗೋಡೆ ಪ್ರತಿ ಮಾತನ್ನೂ ಎರಡು ಸಲ ಹೇಳಿತು.

"ಪೆಂತ್ತಿ ಕೆರೇಲಿಲ್ಲ ಮಾಮ. ಪುನವಾರಾಕ್ಕೆ ಹೋಗಿದಾನೆ. ಬದುಕಿರಬಹುದು."

ಉರ್ಪೋನ ಕಣ್ಣು ಅವಳ ಹೆಗಲಿನ ಆಚೆ ನೆಟ್ಟಿತ್ತು.

"ಏನು ಪೊಲೀಸಮ್ಮ. ವೆಲ್ಡಿಂಗ್ ಕಲೀತಿದೀಯಾ?"

ಬಾಗಿಲಲ್ಲಿ ಕೌಕೋ ಮುಸ್ತೋನೆನ್ ನಿಂತಿದ್ದ. ದೊಡ್ಡ ಆಳು, ಕೆಂಪು ಗಡ್ಡದ ತುಂಬ ಹಿಮದ ಹರಳು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಹಿಮದ ಮೇಲೆ ಅವನ ಹೆಜ್ಜೆ ಕೇಳಿಸಬೇಕಿತ್ತು. ಆದರೆ ಒಬ್ಬರಿಗೆ ಕಿವಿ ಇರಲಿಲ್ಲ, ಇನ್ನೊಬ್ಬರ ಮೈಯೆಲ್ಲ ಕಣ್ಣಾಗಿತ್ತು.

ಇರ್ಯಾ ಎದ್ದು ನಿಂತಳು. ಕಲ್ಲನ್ನು ಮುಷ್ಟಿಯಲ್ಲಿ ಮುಚ್ಚಿದಳು. ತಡವಾಗಿತ್ತು.

"ಚೈನು ಸಂಜೆಗೆ ಬೇಕು ಅಂದಿದ್ದೆ," ಎಂದ ಕೌಕೋ ಉರ್ಪೋನ ಕಡೆ ತಿರುಗಿ, ಜೋರಾಗಿ. "ಇನ್ನೂ ನೇತಾಡ್ತಿದೆಯಲ್ಲ."

"ಇನ್ನು ಆ ಚೈನಿಗೆ ಯಾರೂ ಕೈ ಹಚ್ಚಲ್ಲ," ಎಂದಳು ಇರ್ಯಾ. "ನಾನು ವಶಕ್ಕೆ ತಗೊಳ್ತಿದೀನಿ."

"ನಿನ್ನೆ ನೀನೇ ಸಹಿ ಹಾಕಿ ಕೊಟ್ಟೆ."

"ನಿನ್ನೆ ನನಗೆ ಬುದ್ಧಿ ಇರಲಿಲ್ಲ."

ಕೌಕೋ ನಕ್ಕ. "ಇವತ್ತು ಬಂತಾ? ಈ ಕಿವುಡ ಕೊಟ್ನಾ?"

"ಕೌಕೋ, ಗುರುವಾರ ಯಂತ್ರವನ್ನ ಬಂಡೆ ಮೇಲೆ ಹತ್ತಿಸಿದ್ದು ಯಾರು?"

"ನನ್ನ ಯಂತ್ರ ಬಂಡೆ ಹತ್ತಲ್ಲ. ನಿಮ್ಮಪ್ಪನ ಮಗಳು ಕೇಳೋ ಪ್ರಶ್ನೆನಾ ಇದು?"

"ಹದಿನೇಳನೇ ಪ್ಲೇಟು ಬಿಟ್ಟಿದೆ. ಹೊಸಾ ಬೆಸುಗೆ ಅರೆದುಹೋಗಿದೆ. ಚೈನು ಕಳಚುವಾಗ ನೀನು ನೋಡ್ಲಿಲ್ವಾ?"

"ಪ್ಲೇಟು ಬಿಟ್ಟಿದ್ದು ನೋಡಿದೆ. ಅದಕ್ಕೇ ತಂದೆ. ಈ ಮುದುಕನ ಬೆಸುಗೆ ಈಗೀಗ ನಿಲ್ಲೋದಿಲ್ಲ ಅಂದ್ಕೊಂಡು, ಎಲ್ಲದಕ್ಕೂ ಇನ್ನೊಂದು ವರಸೆ ಹಾಕ್ಸೋಣ ಅಂದೆ. ಅಷ್ಟೇ."

ಉರ್ಪೋ ಇದನ್ನು ತುಟಿಯಿಂದ ಪೂರ್ತಿ ಓದಿದ. ಮುಖ ಕೆಂಪಾಯಿತು. ಸುತ್ತಿಗೆಯನ್ನು ಮೇಜಿನ ಮೇಲೆ ಬಹಳ ಮೆಲ್ಲಗೆ ಇಟ್ಟ.

ಇರ್ಯಾ ಕೌಕೋನ ಮುಖವನ್ನೇ ನೋಡುತ್ತಿದ್ದಳು. ಈ ಉತ್ತರ ನಿಜವಿದ್ದರೂ ಇರಬಹುದು. ಬೆಸುಗೆ ಹೊಳೆಯುವುದನ್ನು ಅವನು ಗಮನಿಸದೇ ಇರಬಹುದು. ಹಾಗಿದ್ದರೆ ಈ ಕ್ಷಣದವರೆಗೆ ಕೌಕೋ ಪೆಂತ್ತಿ ನೀರಿನಲ್ಲಿದ್ದಾನೆಂದೇ ನಂಬಿದ್ದ. ಅವನಿಗೆ ಇದು ಹೊಸ ಸುದ್ದಿ.

ಹನ್ನೊಂದು ವರ್ಷ ತನ್ನ ಜೊತೆ ದುಡಿದವನು ಬದುಕಿರಬಹುದು ಎಂದು ಕೇಳಿದವನು ಏನು ಮಾಡುತ್ತಾನೆ? ಕುಸಿದು ಕೂರುತ್ತಾನೆ. ದೇವರನ್ನು ನೆನೆಯುತ್ತಾನೆ. ಕೊನೆಗೆ, ಹೌದಾ, ಎಂದಾದರೂ ಕೇಳುತ್ತಾನೆ.

ಕೌಕೋ ಗಡ್ಡದಿಂದ ಹಿಮದ ಹರಳೊಂದನ್ನು ಕಿತ್ತು ನೆಲಕ್ಕೆ ಹಾಕಿದ.

"ಇದನ್ನ ಇನ್ನೂ ಯಾರಿಗೆ ಹೇಳಿದೀಯ?"

ಶೆಡ್ಡಿನೊಳಗೆ ತಣಿಯುತ್ತಿದ್ದ ಪ್ಲೇಟು ಟಿಕ್ ಎಂದಿತು.

ಇರ್ಯಾಳಿಗೆ ಸುಳ್ಳು ಹೇಳಲು ಒಂದು ಗಳಿಗೆ ಸಿಕ್ಕಿತ್ತು. ಎಲ್ಲರಿಗೂ ಹೇಳಿದ್ದೇನೆ, ಕಾಯಾನಿಯಿಂದ ಎರಡು ಗಾಡಿ ಹೊರಟಿದೆ, ಎನ್ನಬಹುದಿತ್ತು. ಬಾಯಿ ತೆರೆದಳು. ಮುಖ ಅದಕ್ಕಿಂತ ಮೊದಲೇ ಉತ್ತರ ಹೇಳಿಬಿಟ್ಟಿತು.

"ಸರಿ," ಎಂದ ಕೌಕೋ. ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡ. "ಒಳ್ಳೇ ಸುದ್ದಿ. ಹೋಗಿ ಮುಳುಗುಗಾರರಿಗೆ ಹೇಳ್ತೀನಿ. ಪಾಪ, ಚಳೀಲಿ ಸಾಯ್ತಿದಾರೆ. ನೀನು ನಿನ್ನ ಕಾಗದ ಪತ್ರ ನೋಡ್ಕೋ."

"ಕೌಕೋ, ನಿಲ್ಲು."

ಅವನು ನಿಲ್ಲಲಿಲ್ಲ. ಅವಳು ಬಾಗಿಲಿಗೆ ಬರುವಷ್ಟರಲ್ಲಿ ಗಾಡಿಯ ಇಂಜಿನ್ ಗುಡುಗಿತ್ತು. ಶೆಡ್ಡಿನ ದಾರಿ ಮುಂದೆ ಹೆದ್ದಾರಿ ಸೇರುವ ಕಡೆ ಎರಡಾಗುತ್ತದೆ. ಬಲಕ್ಕೆ ಸರೋವರ, ಐದು ಕಿಲೋಮೀಟರ್. ಎಡಕ್ಕೆ ಪುನವಾರಾ, ಇಪ್ಪತ್ತೆರಡು.

ಗಾಡಿ ಎಡಕ್ಕೆ ತಿರುಗಿತು.

"ಅವನ ಗಾಡಿಯ ಹಿಂದಿನ ಸೀಟಲ್ಲಿ ಬಂದೂಕು ಇದೆ," ಎಂದ ಉರ್ಪೋ, ಅವಳ ಪಕ್ಕಕ್ಕೆ ಬಂದು. "ಕಡವೆ ಬೇಟೆ ಮುಗಿದು ಎರಡು ತಿಂಗಳಾಯ್ತು. ನಿನ್ನೇನೂ ಇತ್ತು. ಯಾಕಪ್ಪಾ ಅಂದ್ಕೊಂಡೆ. ನಾನು ಬರೀ ಅಂದ್ಕೊಳ್ಳೋನು."

"ನಿಮ್ಮ ತಪ್ಪಲ್ಲ ಮಾಮ."

"ನಿನ್ನದೂ ಅಲ್ಲ. ನಿಮ್ಮಪ್ಪ ಹೇಳ್ತಿರ್ತಾನೆ, ನಮ್ಮ ಹುಡುಗಿ ಮುಖ ಪರದೆ ಇಲ್ಲದ ಕಿಟಕಿ, ಅವಳಿಗೆ ಗುಟ್ಟು ಹೇಳಿದ್ರೆ ಇಡೀ ಬೀದಿಗೆ ಹೇಳಿದ ಹಾಗೆ ಅಂತ."

ಇರ್ಯಾ ಆಗಲೇ ಓಡುತ್ತಿದ್ದಳು. ಅವಳ ಕಾರು ಶೆಡ್ಡಿನ ಗೋಡೆಗೆ ಕಟ್ಟಿದಂತೆ ನಿಂತಿತ್ತು, ಇಂಜಿನ್ ಬೆಚ್ಚಗಿಡುವ ವಯರು ಗೋಡೆಯ ಪ್ಲಗ್ಗಿನಿಂದ ಬಾನೆಟ್ಟಿಗೆ ತೂಗುತ್ತಿತ್ತು. ವಯರನ್ನು ಕಿತ್ತು ಹಿಮಕ್ಕೆ ಎಸೆದಳು. ಬಾಗಿಲು ತೆರೆಯುತ್ತಿರುವಾಗಲೇ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

ಅಪ್ಪ.

ಬೆಳಿಗ್ಗೆ ಅವನ ಮನೆಯಲ್ಲಿ ಕಾಫಿ ಕುಡಿದು ಬಂದಿದ್ದಳು. ಯಂತ್ರಗಳನ್ನು ಮಾರಿದ ಮೇಲೆ ಅಪ್ಪ ಊರ ನಡುವಿನ ಫ್ಲಾಟಿನಲ್ಲಿ, ಎರಡನೇ ಮಹಡಿಯಲ್ಲಿ ಇರುವುದು. ಗೋಡೆಯಿಂದಲೇ ಶಾಖ ಬರುತ್ತದೆ, ಒಲೆಯ ಗೋಜಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಎರಡು ಥರ್ಮಾಸ್ ಫ್ಲಾಸ್ಕು ತುಂಬಿಸುತ್ತಿದ್ದ. ಯಾರೋ ಗೆಳೆಯನ ಜೊತೆ ಮೀನು ಹಿಡಿಯಲು ಹೊರಟಿದ್ದಾನೆಂದುಕೊಂಡಿದ್ದಳು.

"ಇರ್ಯಾ," ಎಂದ ಅಪ್ಪ. "ಮುಳುಗುಗಾರರು ಇನ್ನೂ ಇಳೀತಿದಾರಾ?"

ಬೆಳಿಗ್ಗೆಯೂ ಇದನ್ನೇ ಕೇಳಿದ್ದ. ನಿನ್ನೆ ಬೆಳಿಗ್ಗೆಯೂ. ಅದಕ್ಕೂ ಹಿಂದಿನ ದಿನವೂ. ಮರುಕದಿಂದ ಕೇಳುತ್ತಿದ್ದಾನೆಂದು ಅವಳಿಗೆ ಅನಿಸಿತ್ತು.

"ಅಪ್ಪಾ, ಎಲ್ಲಿದೀಯ?"

"ಮನೇಲಿ. ಇನ್ನೆಲ್ಲಿರ್ತೀನಿ?"

ಅವನ ಮಾತಿನ ಹಿಂದೆ ಒಂದು ಸದ್ದು ಬಂತು. ಠಪ್. ಸ್ವಲ್ಪ ಬಿಟ್ಟು ಮತ್ತೆ, ಠಪ್. ಕೊಡಲಿ. ಹೆಪ್ಪುಗಟ್ಟಿದ ಬರ್ಚ್ ಸೌದೆ ಒಡೆಯುವ ಸದ್ದು, ಎರಡನೇ ಮಹಡಿಯ ಫ್ಲಾಟಿನಲ್ಲಿ.

ಅಪ್ಪ ಮಾತಾಡುತ್ತಿದ್ದ. ಸೌದೆ ಒಡೆಯುತ್ತಿದ್ದವನು ಇನ್ನೊಬ್ಬ.

ಇರ್ಯಾ ಕಾರಿನ ಬಾಗಿಲು ಹಿಡಿದು ನಿಂತುಬಿಟ್ಟಳು. ಬೆರಳು ಲೋಹಕ್ಕೆ ಅಂಟಿಕೊಂಡರೂ ತಿಳಿಯಲಿಲ್ಲ. ಮೂರು ದಿನದ ಎಲ್ಲ ತುಂಡುಗಳೂ ಒಂದೊಂದಾಗಿ ಜಾಗಕ್ಕೆ ಬಂದು ಕೂತವು. ಜೌಗಿನ ಮೇಲಿನ ಒಂದೇ ಜಾಡು ಅವಳು ಓದಲೆಂದೇ ಬಿದ್ದಿತ್ತು. ತೆರೆದ ಬಾಗಿಲು, ತೂತಿನ ಪಕ್ಕ ನಿಂತ ಯಂತ್ರ, ಎಲ್ಲವೂ. ಪೆಂತ್ತಿ ನೀರಿನಲ್ಲಿದ್ದಾನೆಂದು ಕೌಕೋ ನಂಬಬೇಕಿತ್ತು. ಅದಕ್ಕೆ ಮೊದಲು ಇರ್ಯಾ ನಂಬಬೇಕಿತ್ತು. ಬಂಡೆಯ ಕಡೆ ತನ್ನ ಮಗಳು ತಲೆ ಎತ್ತಿಯೂ ನೋಡುವುದಿಲ್ಲ ಎಂದು ಈ ಭೂಮಿಯ ಮೇಲೆ ಖಚಿತವಾಗಿ ಗೊತ್ತಿದ್ದವನು ಒಬ್ಬನೇ. ಹನ್ನೆರಡು ವರ್ಷದವಳ ಕೈಗೆ ಅರ ಕೊಟ್ಟವನು. ಪೆಂತ್ತಿಯನ್ನು ಬಂಡೆ ದಾಟಿಸಿ ಗುಡಿಸಲಲ್ಲಿ ಇಳಿಸಿ, ಯಂತ್ರವನ್ನು ಮತ್ತೆ ಸರೋವರಕ್ಕೆ ತಂದು ನಿಲ್ಲಿಸಿದವನೂ ಅವನೇ.

ಅವಳ ತಪ್ಪೇ ಪೆಂತ್ತಿಯ ಜೀವ ಕಾದಿತ್ತು. ಮೂರು ದಿನ. ಈಗ ಹತ್ತು ನಿಮಿಷದ ಹಿಂದೆ ಅವಳು ಅದನ್ನು ಸರಿಪಡಿಸಿದ್ದಳು.

"ಅಪ್ಪಾ," ಎಂದಳು. "ಕೊಡಲಿ ನಿಲ್ಲಿಸೋಕೆ ಹೇಳು. ಒಲೆ ಆರಿಸಿ, ಇಬ್ಬರೂ ಅಲ್ಲಿಂದ ಹೊರಡಿ. ಕೌಕೋ ಆ ಕಡೆ ಬರ್ತಿದಾನೆ. ಬಂದೂಕು ಇದೆ."

ಫೋನಿನ ಆಚೆ ಅಪ್ಪ ಉಸಿರೆಳೆದುಕೊಂಡದ್ದು ಕೇಳಿಸಿತು. ಮತ್ತೊಂದು ಠಪ್ ಬೀಳಬೇಕಿತ್ತು, ಬೀಳಲಿಲ್ಲ. ಗುಡ್ಡದ ಗಾಳಿ ಮಾತ್ರ ಉಳಿಯಿತು.

"ಪೆಂತ್ತಿಗೆ ಕಾಲೂರೋಕೆ ಆಗಲ್ಲ," ಎಂದ ಅಪ್ಪ ನಿಧಾನವಾಗಿ. "ಸೌದೆಯನ್ನೂ ಕೂತೇ ಒಡೀತಿದಾನೆ. ಹೊರಡೋಕೆ ಆಗಲ್ಲ ನಮಗೆ. ನಾವು ಇಲ್ಲಿರೋದು ಕೌಕೋಗೆ ಯಾರು ಹೇಳಿದ್ರು?"

ಎಡಕ್ಕೆ ತಿರುಗಿದ ಗಾಡಿಯ ಹಿಂದೆ ಎದ್ದ ಹಿಮದ ಧೂಳು ದಾರಿಯ ಮೇಲೆ ಇನ್ನೂ ಕೂತಿರಲಿಲ್ಲ. ಬಿಸಿಲಿನಲ್ಲಿ ಹೊಳೆಯುತ್ತಾ ತೇಲುತ್ತಿತ್ತು.

"ನಾನು," ಎಂದಳು ಇರ್ಯಾ.